ಹಳೆಯ ಐದು ಎಚ್‌ಪಿ ಏರ್ ಕಂಪ್ರೆಸರ್: ಕೂರಿಸುವ ಮೊದಲು ಏನೇನು ನೋಡಬೇಕು?

ಪ್ರಶ್ನೆ – ಸಾಗರದ ಮೆಕ್ಯಾನಿಕ್

ಎಲ್ಲರಿಗೂ ನಮಸ್ಕಾರ. ಸಾಗರದಿಂದ ಜೋಗದ ಕಡೆಗೆ ಹೋಗುವ ರಸ್ತೆಯಲ್ಲಿ ಬೈಕ್ ಗ್ಯಾರೇಜು ತೆರೆಯುತ್ತಿದ್ದೇನೆ. ಇಷ್ಟು ವರ್ಷ ಬೇರೆಯವರ ಗ್ಯಾರೇಜಿನಲ್ಲಿ ದುಡಿದೆ. ಅಲ್ಲಿ ಕಂಪ್ರೆಸರ್ ಇತ್ತು, ಸ್ವಿಚ್ ಹಾಕಿ ಗಾಳಿ ಹಿಡಿಯುವುದಷ್ಟೇ ನನ್ನ ಕೆಲಸವಾಗಿತ್ತು. ಅದರ ಹೊಟ್ಟೆಯಲ್ಲಿ ಏನಿದೆ ಎಂದು ಯೋಚಿಸುವ ಅಗತ್ಯ ಬಂದಿರಲಿಲ್ಲ. ಈಗ ನನ್ನದೇ ಒಂದನ್ನು ಕೂರಿಸಬೇಕು.

ಶಿವಮೊಗ್ಗದಲ್ಲಿ ಬಾಗಿಲು ಮುಚ್ಚಿದ ಟೈರ್ ಅಂಗಡಿಯೊಂದರಿಂದ ಹಳೆಯ ಯಂತ್ರ ತಂದಿದ್ದೇನೆ. ಟೂ ಸ್ಟೇಜ್ (ಗಾಳಿಯನ್ನು ಎರಡು ಹಂತದಲ್ಲಿ ಅದುಮುವಂಥದ್ದು), 5 ಎಚ್‌ಪಿ ತ್ರೀ ಫೇಸ್ ಮೋಟರ್, 220 ಲೀಟರ್ ಟ್ಯಾಂಕ್. ಹೊಸದರ ಅರ್ಧ ಬೆಲೆಗೂ ಕಡಿಮೆಗೆ ಸಿಕ್ಕಿತು. ಕೊಡುವ ಮೊದಲು ಅವರು ಪೂರ್ತಿ ನೀಲಿ ಬಣ್ಣ ಹೊಡೆಸಿದ್ದಾರೆ, ನೋಡಲು ಹೊಸದರಂತೆಯೇ ಇದೆ. ಟ್ಯಾಂಕಿನ ಮೇಲಿನ ಪ್ಲೇಟಿಗೂ ಬಣ್ಣ ಬಿದ್ದಿರುವುದರಿಂದ ಅಕ್ಷರ ಕಾಣುವುದಿಲ್ಲ. ಕೆಳಗಿನ ಡ್ರೈನ್ ಕಾಕ್ (ಟ್ಯಾಂಕಿನ ನೀರು ಹೊರಬಿಡುವ ನಲ್ಲಿ) ತಿರುಗುತ್ತಿಲ್ಲ. ಉಳಿದಂತೆ ಅಲ್ಲಿಯೇ ಚಾಲೂ ಮಾಡಿ ತೋರಿಸಿದರು, ಗಾಳಿ ಚೆನ್ನಾಗಿ ತುಂಬುತ್ತದೆ.

ಮೆಟ್ಟಿಲಿನ ಕೆಳಗೆ ನಾಲ್ಕು ಅಡಿ ಅಗಲ, ಆರು ಅಡಿ ಉದ್ದದ ಗೂಡಿನಂಥ ಜಾಗವಿದೆ. ಬಾಗಿಲು ಇಟ್ಟರೆ ಸದ್ದೂ ಕಡಿಮೆಯಾಗುತ್ತದೆ ಎಂಬುದು ನನ್ನ ಆಲೋಚನೆ. ಮೇಲಿನ ಮನೆಯಲ್ಲಿ ನಾವೇ ಇರುತ್ತೇವೆ, ಚಿಕ್ಕ ಮಕ್ಕಳಿದ್ದಾರೆ. ಅಲ್ಲಿಂದ ಗ್ಯಾರೇಜಿನ ಮೂರು ಮೂಲೆಗೆ ಗಾಳಿಯ ಲೈನ್ ಬೇಕು. ಪ್ಲಂಬರ್ ಪಿವಿಸಿ ಪೈಪ್ ಸಾಕು ಎನ್ನುತ್ತಿದ್ದಾರೆ. ತ್ರೀ ಫೇಸ್ ಸಂಪರ್ಕ ಸಿಕ್ಕಿದೆ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಪದೇ ಪದೇ ಹೋಗಿ ಬರುತ್ತದೆ. ಟೈರಿಗೆ ಗಾಳಿ, ಏರ್ ಫಿಲ್ಟರ್ ಊದುವುದು, ಇಂಪ್ಯಾಕ್ಟ್ ಗನ್ ಇವಿಷ್ಟು ಈಗಿನ ಬಳಕೆ. ಮುಂದೆ ಸ್ಪ್ರೇ ಪೇಂಟಿಂಗ್ ಮಾಡುವ ಆಸೆಯೂ ಇದೆ.

ಸ್ವಿಚ್ ಹಾಕುವ ಮೊದಲು ಏನೇನು ನೋಡಬೇಕು? ತಿಳಿದವರು ದಯವಿಟ್ಟು ಹೇಳಿ.

ಉತ್ತರ – ಹಾಸನದ ವೈರ್‌ಮನ್

ವಿದ್ಯುತ್ತಿನ ಭಾಗವನ್ನು ಮಾತ್ರ ನಾನು ಹೇಳುತ್ತೇನೆ. 5 ಎಚ್‌ಪಿ ಎಂದರೆ 3.7 ಕಿಲೋವ್ಯಾಟ್. ಮೊದಲು ನಿಮ್ಮ ಮಂಜೂರಾದ ಲೋಡ್ ಅಷ್ಟಿದೆಯೇ ನೋಡಿಕೊಳ್ಳಿ. 415 ವೋಲ್ಟ್‌ನಲ್ಲಿ ಈ ಮೋಟರ್ ಸುಮಾರು ಏಳೂವರೆ ಆಂಪಿಯರ್ ಎಳೆಯುತ್ತದೆ, ಚಾಲೂ ಆಗುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಹೀಗಾಗಿ ತೆಳು ವೈರ್ ಬೇಡ. ತಾಮ್ರದ್ದು ಕನಿಷ್ಠ 2.5 ಚದರ ಮಿ.ಮೀ., ಮೀಟರ್ ಬೋರ್ಡ್ ದೂರವಿದ್ದರೆ 4 ಚದರ ಮಿ.ಮೀ. ಹಾಕಿಸಿ.

ಬರೀ ಎಂಸಿಬಿ (ಬೋರ್ಡಿನಲ್ಲಿ ಫ್ಯೂಸಿನ ಬದಲಿಗಿರುವ ಸ್ವಿಚ್) ಮೇಲೆ ಓಡಿಸಬೇಡಿ, ಡಿಒಎಲ್ ಸ್ಟಾರ್ಟರ್ (ಮೋಟರನ್ನು ನೇರವಾಗಿ ಲೈನಿಗೆ ಜೋಡಿಸಿ ಚಾಲೂ ಮಾಡುವ ಪೆಟ್ಟಿಗೆ) ಬೇಕೇ ಬೇಕು. ಅದರ ಓವರ್‌ಲೋಡ್ ರಿಲೇಯನ್ನು ಮೋಟರ್ ಪ್ಲೇಟಿನಲ್ಲಿರುವ ಆಂಪಿಯರಿಗೆ ಸರಿಯಾಗಿ ಇಡಿ. ಟ್ರಿಪ್ ಆಗುತ್ತಿದೆ ಎಂದು ಏರಿಸುತ್ತ ಹೋದರೆ ಮೋಟರ್ ಸುಡುತ್ತದೆ. ಸಿಂಗಲ್ ಫೇಸ್ ಪ್ರಿವೆಂಟರ್ ಕೂಡ ಹಾಕಿಸಿ. ಮಳೆಗಾಲದಲ್ಲಿ ಒಂದು ಫೇಸ್ ಹೋಗುವುದು ಮಲೆನಾಡಿನಲ್ಲಿ ಸಾಮಾನ್ಯ, ಉಳಿದ ಎರಡರಲ್ಲಿ ಮೋಟರ್ ಗುಂಯ್‌ಗುಟ್ಟುತ್ತ ನಿಂತಲ್ಲೇ ಸುಟ್ಟುಹೋಗುತ್ತದೆ.

ಸ್ಟಾರ್ಟರ್‌ನಿಂದ ಇನ್ನೊಂದು ಲಾಭವಿದೆ. ಕರೆಂಟು ಹೋದಾಗ ಅದರ ಕಾಯಿಲ್ ಬಿಟ್ಟುಕೊಳ್ಳುತ್ತದೆ. ಪುಶ್ ಬಟನ್‌ನಿಂದ ನಡೆಯುವಂತೆ ವೈರಿಂಗ್ ಮಾಡಿಸಿದ್ದರೆ, ಕರೆಂಟು ಬಂದ ಮೇಲೆ ಹಸಿರು ಗುಂಡಿ ಒತ್ತುವ ತನಕ ಯಂತ್ರ ತಿರುಗುವುದಿಲ್ಲ. ಕರೆಂಟು ಹೋಗಿದೆ ಎಂದುಕೊಂಡು ಬೆಲ್ಟಿಗೆ ಕೈ ಹಾಕಿದಾಗಲೇ ಕರೆಂಟು ಬಂದರೆ ಬೆರಳು ಉಳಿಯುವುದಿಲ್ಲ. ಬೆಲ್ಟ್ ಗಾರ್ಡ್ ಇಲ್ಲದೆ ಚಾಲೂ ಮಾಡಲೇಬೇಡಿ. ಗಾರ್ಡ್ ತೆಗೆಯುವ ಕೆಲಸವಿದ್ದರೆ ಮೇನ್ ಸ್ವಿಚ್ ಇಳಿಸಿ, ಬೀಗ ಹಾಕಿ, ಕೀಲಿಯನ್ನು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ತ್ರೀ ಫೇಸ್ ಮೋಟರಿನ ಮೈಗೆ ಎರಡು ಪ್ರತ್ಯೇಕ ಅರ್ಥಿಂಗ್ ತಂತಿ ಬೇಕು ಎನ್ನುವುದು ನಿಯಮ. ಒಂದು ಕಡಿದರೂ ಇನ್ನೊಂದು ಕಾಯುತ್ತದೆ.

ಉತ್ತರ – ಬೈಕಂಪಾಡಿಯ ಹಳೆಯ ಫಿಟ್ಟರ್

ವೈರ್‌ಮನ್ ಹೇಳಿದ ಪ್ರತಿಯೊಂದು ಮಾತೂ ಸರಿ. ಆದರೆ ಕರೆಂಟಿನ ಭಯ ಎಲ್ಲರಿಗೂ ಇದೆ, ಟ್ಯಾಂಕಿನ ಭಯ ಯಾರಿಗೂ ಇಲ್ಲ. ನಾನು ಮಂಗಳೂರಿನ ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ಕಂಪ್ರೆಸರ್ ಮನೆಯ ಫಿಟ್ಟರ್ ಆಗಿದ್ದು ನಿವೃತ್ತನಾದವನು. ನಿಮ್ಮ ಬರಹದಲ್ಲಿ ನನ್ನ ಎದೆ ಧಸಕ್ಕೆನಿಸಿದ್ದು ಎರಡು ವಾಕ್ಯ: ಪ್ಲೇಟಿನ ಮೇಲೆ ಬಣ್ಣ ಬಿದ್ದಿದೆ, ಡ್ರೈನ್ ಕಾಕ್ ತಿರುಗುವುದಿಲ್ಲ. ಈ ಎರಡಕ್ಕೆ ಉತ್ತರ ಸಿಗುವ ತನಕ ಆ ಯಂತ್ರವನ್ನು ಚಾಲೂ ಮಾಡಬೇಡಿ. ಮೇಲೆ ಮಕ್ಕಳಿರುವ ಮನೆಯ ಕೆಳಗಂತೂ ಖಂಡಿತ ಬೇಡ.

ಕಾಕ್ ತಿರುಗುವುದಿಲ್ಲವೆಂದರೆ ಅದನ್ನು ಬಹಳ ಕಾಲದಿಂದ ಯಾರೂ ತಿರುಗಿಸಿಲ್ಲ ಎಂದರ್ಥ. ಅಷ್ಟು ಕಾಲವೂ ಟ್ಯಾಂಕಿನ ತಳದಲ್ಲಿ ನೀರು ನಿಂತಿದೆ. ಎಲ್ಲಿಂದ ಬರುತ್ತದೆ ಈ ನೀರು? ನೀವು ಎಳೆದುಕೊಳ್ಳುವ ಗಾಳಿಯಿಂದಲೇ. 30 ಡಿಗ್ರಿ ಸೆಕೆ, ಶೇ 80ರ ತೇವ ಇರುವ ದಿನ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಾವಿ ಇರುತ್ತದೆ. 7 ಕೆ.ಜಿ. ಒತ್ತಡಕ್ಕೆ (ಹೊರಗಿನ ಗಾಳಿಗಿಂತ ಚದರ ಸೆಂ.ಮೀ.ಗೆ 7 ಕೆ.ಜಿ. ಹೆಚ್ಚು) ತುಂಬುವಾಗ ಅಂಥ ಎಂಟು ಘನ ಮೀಟರನ್ನು ಒಂದರ ಜಾಗಕ್ಕೆ ಅದುಮುತ್ತೀರಿ. ಟ್ಯಾಂಕಿನೊಳಗೆ 40 ಡಿಗ್ರಿ ಇದ್ದರೂ ಆ ಒಂದು ಘನ ಮೀಟರ್ ಹಿಡಿದಿಟ್ಟುಕೊಳ್ಳುವುದು ಸುಮಾರು 50 ಗ್ರಾಂ ಮಾತ್ರ. ಉಳಿದ 140 ಗ್ರಾಂ ನೀರಾಗಿ ತಳಕ್ಕೆ ಇಳಿಯುತ್ತದೆ. ನಿಮಿಷಕ್ಕೆ 15 ಘನ ಅಡಿ ಗಾಳಿ ಕೊಡುವ ಯಂತ್ರ ಒಂದು ಗಂಟೆ ನಿಲ್ಲದೆ ಓಡಿದರೆ ಹತ್ತಿರ ಹತ್ತಿರ ಅರ್ಧ ಲೀಟರ್ ನೀರು. ನಮ್ಮ ಕರಾವಳಿಯಲ್ಲಿ ವರ್ಷದ ಹೆಚ್ಚಿನ ದಿನ ಇದೇ ಲೆಕ್ಕ. ಸಾಗರದ ಮಳೆಗಾಲವೂ ಏನೂ ಕಡಿಮೆಯಲ್ಲ.

ಆ ನೀರು ತಳದ ತಗಡನ್ನು ಒಳಗಿನಿಂದ ತಿನ್ನುತ್ತದೆ. ಹೊರಗೆ ನೀಲಿ ಬಣ್ಣ ಮಿರಮಿರ ಮಿಂಚುತ್ತಲೇ ಇರುತ್ತದೆ. ನಾನು ಒಂದು ಪಂಕ್ಚರ್ ಅಂಗಡಿಯಲ್ಲಿ ನೋಡಿದ ಟ್ಯಾಂಕಿನ ತಳದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ಗಾಳಿ ಸೋರುತ್ತಿತ್ತು. ಅಂಗಡಿಯವರು ಅದಕ್ಕೆ ಎಂ-ಸೀಲ್ ಮೆತ್ತಿ ಓಡಿಸುತ್ತಿದ್ದರು. ಕೈಮುಗಿದು ನಿಲ್ಲಿಸಿ ಎಂದೆ, ನಿಲ್ಲಿಸಿದರು. ಆಮೇಲೆ ಕತ್ತರಿಸಿ ನೋಡಿದಾಗ ತೂತಿನ ಸುತ್ತ ಅಂಗೈಯಗಲ ಜಾಗದಲ್ಲಿ ತಗಡು ಉಗುರಿನಿಂದ ಒತ್ತಿದರೆ ಬಗ್ಗುವಷ್ಟು ತೆಳುವಾಗಿತ್ತು. ತೂತು ಬಿದ್ದಾಗ ಸುತ್ತಲಿನ ತಗಡೂ ಮುಗಿದಿರುತ್ತದೆ. ಆದ್ದರಿಂದ ಟ್ಯಾಂಕಿಗೆ ಎಂ-ಸೀಲ್ ಇಲ್ಲ, ವೆಲ್ಡಿಂಗ್ ಇಲ್ಲ, ತೇಪೆ ಇಲ್ಲ. ತೂತು ಬಿದ್ದ ಟ್ಯಾಂಕ್ ಗುಜರಿಗೆ.

ಎಷ್ಟು ಬಲ ಒಳಗೆ ಕೂತಿದೆ ಎಂದು ಲೆಕ್ಕ ಹಾಕಿ. ಟ್ಯಾಂಕಿನ ಅಡ್ಡಳತೆ 45 ಸೆಂ.ಮೀ. ಎಂದಿಟ್ಟುಕೊಳ್ಳೋಣ. 10 ಕೆ.ಜಿ. ಒತ್ತಡದಲ್ಲಿ ಎರಡು ತುದಿಯ ಒಂದೊಂದು ಮುಚ್ಚಳದ ಮೇಲೂ ಸುಮಾರು 16 ಟನ್ ತಳ್ಳುತ್ತಿರುತ್ತದೆ. ಅಷ್ಟನ್ನೂ ತಡೆದಿರುವುದು ಆ ತಗಡು ಮತ್ತು ವೆಲ್ಡಿಂಗ್.

ಹಾಗಾದರೆ ಏನು ಮಾಡಬೇಕು? ಮೊದಲು ಪ್ಲೇಟಿನ ಬಣ್ಣವನ್ನು ಥಿನ್ನರ್ ಬಟ್ಟೆಯಿಂದ ಒರೆಸಿ. ಕೆಲಸದ ಒತ್ತಡ, ಪರೀಕ್ಷೆಯ ಒತ್ತಡ, ತಯಾರಾದ ವರ್ಷ, ಕ್ರಮಸಂಖ್ಯೆ ಕಾಣಬೇಕು. ಕಾಣದಿದ್ದರೆ, ಅಥವಾ ಪ್ಲೇಟೇ ನಕಲಿ ಅನಿಸಿದರೆ, ಆ ಟ್ಯಾಂಕನ್ನು ಬಿಡಿ. ಹೆಡ್ಡು (ಗಾಳಿ ಅದುಮುವ ಭಾಗ) ಮತ್ತು ಮೋಟರ್ ಚೆನ್ನಾಗಿದ್ದರೆ ಹೊಸ ಟ್ಯಾಂಕಿನ ಮೇಲೆ ಕೂರಿಸಬಹುದು, ಹಣ ಪೂರ್ತಿ ನಷ್ಟವಾಗುವುದಿಲ್ಲ. ಪ್ಲೇಟ್ ಸರಿಯಿದ್ದರೆ ಶಿವಮೊಗ್ಗದ ಕೈಗಾರಿಕಾ ಪ್ರದೇಶದಲ್ಲಿ ಬಾಯ್ಲರ್, ಒತ್ತಡದ ಪಾತ್ರೆಗಳ ಕೆಲಸ ಮಾಡುವವರನ್ನು ಹುಡುಕಿ ಎರಡು ಪರೀಕ್ಷೆ ಮಾಡಿಸಿ: ಅಲ್ಟ್ರಾಸಾನಿಕ್ ಯಂತ್ರದಿಂದ ತಗಡಿನ ದಪ್ಪ ಅಳೆಯುವುದು, ಅದರಲ್ಲೂ ತಳದ ಉದ್ದಕ್ಕೂ, ಆಮೇಲೆ ನೀರು ತುಂಬಿ ಹೈಡ್ರೋ ಟೆಸ್ಟ್, ಪ್ಲೇಟಿನಲ್ಲಿ ಬರೆದಿರುವ ಪರೀಕ್ಷಾ ಒತ್ತಡಕ್ಕೆ.

ಗಾಳಿಯಿಂದಲೇ ಪರೀಕ್ಷೆ ಮಾಡಿಕೊಡುತ್ತೇನೆ ಎನ್ನುವವರು ಸಿಗುತ್ತಾರೆ. ಒಪ್ಪಬೇಡಿ. ನೀರು ಕುಗ್ಗುವುದಿಲ್ಲ, ಹೀಗಾಗಿ ಟ್ಯಾಂಕ್ ಸೀಳಿದರೂ ನೀರು ಚಿಮ್ಮಿ ಒತ್ತಡ ಕೂಡಲೇ ಇಳಿಯುತ್ತದೆ. ಗಾಳಿ ಹಾಗಲ್ಲ. 220 ಲೀಟರ್ ಟ್ಯಾಂಕಿನಲ್ಲಿ 10 ಕೆ.ಜಿ. ಒತ್ತಡದ ಗಾಳಿ ಒಮ್ಮೆಲೇ ಹಿಗ್ಗಿದರೆ ಒಂದು ಟನ್ ಭಾರವನ್ನು ಮೂವತ್ತು ಮೀಟರ್ ಎತ್ತರಕ್ಕೆ ಎತ್ತುವಷ್ಟು ಶಕ್ತಿ ಹೊರಬೀಳುತ್ತದೆ. 1948ರ ಕಾರ್ಖಾನೆ ಕಾಯ್ದೆಯ 31ನೇ ಸೆಕ್ಷನ್ ಒತ್ತಡದ ಯಂತ್ರಗಳಿಗೆಂದೇ ಇದ್ದದ್ದು ಸುಮ್ಮನೆ ಅಲ್ಲ. ಕಾರ್ಖಾನೆಯಲ್ಲಿ ನಮ್ಮ ಟ್ಯಾಂಕುಗಳನ್ನು ತಪ್ಪದೆ ಪರೀಕ್ಷಿಸುತ್ತಿದ್ದರು. ಮೆಟ್ಟಿಲಡಿಯ ಟ್ಯಾಂಕನ್ನು ಕೇಳುವವರು ಯಾರೂ ಬರುವುದಿಲ್ಲ, ನೀವೇ ಕೇಳಿಕೊಳ್ಳಬೇಕು.

ಇನ್ನು ಡ್ರೈನ್ ಕಾಕ್. ಜನ ನೀರು ಬಿಡದಿರುವುದು ಸೋಮಾರಿತನದಿಂದಲ್ಲ. ಕಾಕ್ ಟ್ಯಾಂಕಿನ ಅಡಿಯಲ್ಲಿ, ಎಣ್ಣೆ ಕೆಸರಿನ ನಡುವೆ, ಮಂಡಿಯೂರಿ ತಡಕಾಡುವ ಜಾಗದಲ್ಲಿ ಇರುತ್ತದೆ. ಅದನ್ನು ಕಿತ್ತುಹಾಕಿಸಿ. ಅಲ್ಲಿಂದ ಗಟ್ಟಿ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ತುಂಡೊಂದನ್ನು ಪಕ್ಕಕ್ಕೆ ಎಳೆದು, ಟ್ಯಾಂಕಿನ ಅಂಚಿನಾಚೆ ಕೈಗೆ ಸಿಗುವಂತೆ ಬಾಲ್ ವಾಲ್ವ್ ಹಾಕಿಸಿ. ಅದರ ಬಾಯಿಗೊಂದು ಡಬ್ಬ ಇಡಿ. ಸಂಜೆ ಅಂಗಡಿ ಮುಚ್ಚುವಾಗ ಒತ್ತಡ ಒಂದೆರಡು ಕೆ.ಜಿ.ಗೆ ಇಳಿದ ಮೇಲೆ ನಿಧಾನವಾಗಿ ತೆರೆಯಿರಿ, ಬರೀ ಗಾಳಿ ಬರುವ ತನಕ ಬಿಡಿ. ಕಂದು ನೀರು ಬಂದರೆ ಒಳಗೆ ತುಕ್ಕು ಇದೆ. ಹಾಲಿನಂತೆ ಬೆಳ್ಳಗೆ ಬಂದರೆ ಎಣ್ಣೆ ಬೆರೆತಿದೆ, ಅದನ್ನು ಚರಂಡಿಗೆ ಸುರಿಯಬೇಡಿ.

ಒತ್ತಡ ಮಿತಿ ಮೀರಿದರೆ ಗಾಳಿ ಹೊರಬಿಡುವ ಸೇಫ್ಟಿ ವಾಲ್ವ್ ಹಳೆಯದನ್ನು ನಂಬಬೇಡಿ, ಹೊಸದು ಹಾಕಿಸಿ. ಅದು ತೆರೆಯುವ ಒತ್ತಡ ಟ್ಯಾಂಕಿನ ಕೆಲಸದ ಒತ್ತಡವನ್ನು ಮೀರಬಾರದು, ಅದಕ್ಕೂ ಟ್ಯಾಂಕಿಗೂ ನಡುವೆ ಯಾವ ವಾಲ್ವೂ ಇರಬಾರದು. ತಿಂಗಳಿಗೊಮ್ಮೆ, ಕನ್ನಡಕ ಹಾಕಿಕೊಂಡು, ಟ್ಯಾಂಕಿನಲ್ಲಿ ಗಾಳಿ ಇರುವಾಗ ಅದರ ಉಂಗುರ ಎಳೆದು ನೋಡಿ. ಭುಸ್ಸೆಂದು ಬಿಟ್ಟು ಮತ್ತೆ ಕೂರಬೇಕು. ಪ್ರೆಷರ್ ಸ್ವಿಚ್‌ನ ವಿಷಯಕ್ಕೆ ಬಂದರೆ (ಅದು ಒತ್ತಡ ನೋಡಿ ಮೋಟರನ್ನು ತಾನೇ ನಿಲ್ಲಿಸಿ ಹೊರಡಿಸುವ ಸ್ವಿಚ್), ನಿಮಗೆ ತುಂಬ ಹೆಚ್ಚಿನ ಒತ್ತಡ ಯಾಕೆ ಬೇಕು? ಬೈಕ್ ಟೈರಿಗೆ ಮೂವತ್ತು ನಲವತ್ತು ಪಿಎಸ್‌ಐ, ಇಂಪ್ಯಾಕ್ಟ್ ಗನ್ನಿಗೆ 90 ಪಿಎಸ್‌ಐ, ಅಂದರೆ ಆರು ಚಿಲ್ಲರೆ ಕೆ.ಜಿ. ಎಂಟಕ್ಕೆ ನಿಲ್ಲುವಂತೆ, ಆರೂವರೆಗೆ ಹೊರಡುವಂತೆ ಇಡಿಸಿ. ಒಂದು ಕೆ.ಜಿ. ಇಳಿಸಿದರೆ ಕರೆಂಟು ಶೇ 6–7ರಷ್ಟು ಉಳಿಯುತ್ತದೆ, ಟ್ಯಾಂಕಿಗೂ ಆಯುಸ್ಸು.

ಮೆಟ್ಟಿಲಡಿಯ ಗೂಡು ಬೇಡ, ಬಾಗಿಲಂತೂ ಬೇಡವೇ ಬೇಡ. ಮೋಟರ್ ಎಳೆದ 3.7 ಕಿಲೋವ್ಯಾಟ್ ಹೆಚ್ಚುಕಡಿಮೆ ಪೂರ್ತಿ ಶಾಖವಾಗುತ್ತದೆ. ಸ್ನಾನದ ಮನೆಯ ಎರಡು ಗೀಸರುಗಳನ್ನು ಆ ಗೂಡಿನಲ್ಲಿ ಉರಿಸಿದ ಹಾಗೆ. ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಂಡರೆ ಎಣ್ಣೆ ಸುಟ್ಟು ವಾಲ್ವಿನಲ್ಲಿ ಕಾರ್ಬನ್ ಕಟ್ಟುತ್ತದೆ, ಅದು ಕೆಂಡವಾಗಿ ಹೊತ್ತಿಕೊಂಡ ಉದಾಹರಣೆಗಳೂ ಇವೆ. ಗ್ಯಾರೇಜಿನ ಹಿಂದೆ ಗೋಡೆಗೆ ತಗಡಿನ ಮಾಡು ಇಳಿಸಿ, ಮಳೆ ಎರಚಲು ಬಾರದ ಕಡೆ, ಸಿಮೆಂಟ್ ನೆಲದ ಮೇಲೆ ಇಡಿ. ಬೆಲ್ಟಿನ ಮಗ್ಗುಲು ಗೋಡೆಯಿಂದ ಒಂದೂವರೆ ಎರಡು ಅಡಿ ದೂರವಿರಲಿ. ನಾಲ್ಕು ಕಾಲಿಗೂ ರಬ್ಬರ್ ಪ್ಯಾಡ್ ಕೊಡಿ. ನೆಲ ಏರುಪೇರಾಗಿದ್ದರೆ ತಗಡಿನ ಚೂರು ಕೊಟ್ಟು ಸಮ ಮಾಡಿ. ಬೋಲ್ಟ್ ಬಿಗಿದು ಕಾಲನ್ನು ಎಳೆದು ಕೂರಿಸಿದರೆ ಕಾಲಿನ ವೆಲ್ಡಿಂಗ್ ಬುಡದಲ್ಲಿ ಟ್ಯಾಂಕ್ ಬಿರುಕು ಬಿಡುತ್ತದೆ.

ಮೊದಲ ಸಲ ಚಾಲೂ ಮಾಡುವಾಗ ಫ್ಲೈವ್ಹೀಲ್ ಮೇಲಿನ ಬಾಣದ ಗುರುತು ನೋಡಿ. ಅದರ ಅಲಗುಗಳೇ ಸಿಲಿಂಡರಿಗೆ ಗಾಳಿ ಬೀಸುವ ಫ್ಯಾನು. ಉಲ್ಟಾ ತಿರುಗಿದರೂ ಟ್ಯಾಂಕ್ ತುಂಬುತ್ತದೆ, ಆದರೆ ಹೆಡ್ಡು ತಣಿಯುವುದಿಲ್ಲ. ಎರಡು ಫೇಸ್ ತಂತಿ ಅದಲುಬದಲು ಮಾಡಿದರೆ ಸರಿಹೋಗುತ್ತದೆ. ನಿಲ್ಲುವಾಗ ಪ್ರೆಷರ್ ಸ್ವಿಚ್‌ನಿಂದ ಒಂದು ಚಿಕ್ಕ "ಶ್" ಕೇಳಬೇಕು, ಅದು ಹೆಡ್ಡಿನ ಗಾಳಿ ಖಾಲಿಯಾಗುವ ಸದ್ದು. ಕೇಳದಿದ್ದರೆ ಮುಂದಿನ ಸಲ ಮೋಟರ್ ಭಾರ ಹೊತ್ತು ಏಳಬೇಕು. ನಿಲ್ಲದೆ ಸೋರುತ್ತಲೇ ಇದ್ದರೆ ಎನ್‌ಆರ್‌ವಿ (ಟ್ಯಾಂಕಿನ ಗಾಳಿ ಹೆಡ್ಡಿಗೆ ವಾಪಸ್ ಹೋಗದಂತೆ ತಡೆಯುವ ವಾಲ್ವ್) ಹೋಗಿದೆ. ಎಂಜಿನ್ ಆಯಿಲ್ ಹಾಕಬೇಡಿ, ಕಂಪ್ರೆಸರ್ ಆಯಿಲ್ ಬೇರೆಯೇ ಇದೆ.

ಉತ್ತರ – ರಾಣೇಬೆನ್ನೂರಿನ ಟೈರ್ ಅಂಗಡಿಯವರು

ಫಿಟ್ಟರ್ ಸಾಹೇಬರೇ, ಇಷ್ಟೆಲ್ಲ ಹೆದರಿಸಿದರೆ ಹುಡುಗ ಗ್ಯಾರೇಜು ತೆರೆಯುವುದೇ ಇಲ್ಲ. ನಮ್ಮ ಅಂಗಡಿಯಲ್ಲಿ ವರ್ಷಗಳಿಂದ ಪಿವಿಸಿ ಲೈನ್ ಇದೆ, ಏನೂ ಆಗಿಲ್ಲ. ಪೈಪಿನ ಮೇಲೆ 10 ಕೆ.ಜಿ. ಎಂದು ಅಚ್ಚಾಗಿದೆ, ನಾವು ಓಡಿಸುವುದು ಎಂಟರಲ್ಲಿ. ಜಿಐ ಹಾಕಿಸಲು ಹೊಸಬರಿಗೆ ಹಣ ಎಲ್ಲಿಂದ ಬರಬೇಕು?

ಉತ್ತರ – ಬೈಕಂಪಾಡಿಯ ಹಳೆಯ ಫಿಟ್ಟರ್

ಮಾರಾಯರೇ, ಆ 10 ಕೆ.ಜಿ. ಎಂಬುದು 27 ಡಿಗ್ರಿಯ ನೀರಿಗೆ ಹೇಳಿದ ಮಾತು. ಬಿಸಿ ಏರಿದಂತೆ ಪಿವಿಸಿಯ ಬಲ ಇಳಿಯುತ್ತದೆ. ಹೆಡ್ಡಿನಿಂದ ಹೊರಡುವ ಗಾಳಿ ನೂರು ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಟ್ಯಾಂಕಿನಲ್ಲಿ ತಣಿದು ಲೈನಿಗೆ ಬಂದರೂ ಬೇಸಿಗೆಯಲ್ಲಿ, ತಗಡಿನ ಮಾಡಿನ ಅಡಿಯಲ್ಲಿ, ಪೈಪು 27 ಡಿಗ್ರಿಯಲ್ಲಿ ಇರುವುದಿಲ್ಲ. ವರ್ಷ ಕಳೆದಂತೆ ಬಿಸಿಲಿಗೆ ಪೆಡಸಾಗುತ್ತದೆ. ನೀರಿನ ಪೈಪು ಒಡೆದರೆ ನೆಲ ಒದ್ದೆ, ಗಾಳಿಯ ಪೈಪು ಒಡೆದರೆ ಚೂರುಗಳು ಬಾಣದಂತೆ ಹಾರುತ್ತವೆ. ಮೇಲಿಂದ ಒಂದು ಸ್ಪ್ಯಾನರ್ ಬಿದ್ದರೂ ಸಾಕು. ನಿಮ್ಮಲ್ಲಿ ಏನೂ ಆಗದಿರಲಿ ಎಂದೇ ನನ್ನ ಹಾರೈಕೆ, ಆದರೆ ದಯವಿಟ್ಟು ಬದಲಾಯಿಸಿ.

ಹಣದ ಕಷ್ಟ ನನಗೆ ಅರ್ಥವಾಗುತ್ತದೆ. ಸಾಗರದವರಿಗೆ ನನ್ನ ಸಲಹೆ: ಮೂರು ಮೂಲೆಗೆ ಲೈನ್ ಈಗಲೇ ಬೇಡ. ಟ್ಯಾಂಕಿನಿಂದ ಒಳ್ಳೆಯ ರಬ್ಬರ್ ಹೋಸಿನಲ್ಲಿ ಒಂದೇ ಪಾಯಿಂಟ್ ಎಳೆಯಿರಿ, ಹೋಸಿನ ಮೇಲಿನ ಒತ್ತಡದ ಅಂಕಿ ನೋಡಿ ಕೊಳ್ಳಿ, ತಂತಿ ಸುತ್ತದೆ ಸರಿಯಾದ ಕ್ಲಿಪ್ ಹಾಕಿ. ಕೈಯಲ್ಲಿ ದುಡ್ಡಾದ ಮೇಲೆ ಜಿಐ ಹಾಕಿಸಿ. ನೀಲಿ ಪಟ್ಟೆ ಬಿ ಕ್ಲಾಸ್, ಕೆಂಪು ಪಟ್ಟೆ ಸಿ ಕ್ಲಾಸ್, ಎರಡರಲ್ಲಿ ಯಾವುದಾದರೂ ಆದೀತು. ಯಂತ್ರಕ್ಕೂ ಲೈನಿಗೂ ನಡುವೆ ಒಂದು ತುಂಡು ಹೋಸ್ ಇರಲಿ, ಇಲ್ಲವಾದರೆ ಅದುರಾಟಕ್ಕೆ ಜಾಯಿಂಟ್ ಸಡಿಲವಾಗುತ್ತದೆ. ಲೈನ್ ಸ್ವಲ್ಪ ಇಳಿಜಾರಾಗಿರಲಿ, ಕೊನೆಯಲ್ಲಿ ನೀರು ಬಿಡಲು ವಾಲ್ವ್ ಇರಲಿ. ಪಾಯಿಂಟ್‌ಗಳನ್ನು ಪೈಪಿನ ಮೇಲ್ಮೈಯಿಂದ ತೆಗೆದು ಬಗ್ಗಿಸಿ ಇಳಿಸಿದರೆ ನೀರು ಗನ್ನಿಗೆ ಬರುವುದಿಲ್ಲ.

ಪ್ರತಿಕ್ರಿಯೆ – ಸಾಗರದ ಮೆಕ್ಯಾನಿಕ್

ಎಲ್ಲರಿಗೂ ಧನ್ಯವಾದ. ಫಿಟ್ಟರ್ ಸರ್, ನೀವು ಹೇಳಿದಂತೆ ಪ್ಲೇಟ್ ಒರೆಸಿದೆ. ಕ್ರಮಸಂಖ್ಯೆ ಇದೆ, ವರ್ಷ 2003, ಕೆಲಸದ ಒತ್ತಡ 12 ಕೆ.ಜಿ. ಎಂದಿದೆ. ಗಾಳಿಯೆಲ್ಲ ಖಾಲಿ ಮಾಡಿ, ಗೇಜ್ ಸೊನ್ನೆಗೆ ಬಂದ ಮೇಲೆ ಡ್ರೈನ್ ಕಾಕ್ ಕಿತ್ತೆವು. ಮೊದಲು ಏನೂ ಬರಲಿಲ್ಲ. ತಂತಿ ಹಾಕಿ ಕೆದಕಿದಾಗ ತುಕ್ಕಿನ ಕೆಸರು ಬಂತು, ಹಿಂದೆಯೇ ಬಕೆಟ್ ತುಂಬುವಷ್ಟು ಕಂದು ನೀರು.

ಶಿವಮೊಗ್ಗದಲ್ಲಿ ದಪ್ಪ ಅಳೆಯುವವರು ಸಿಕ್ಕರು. ಮೇಲ್ಭಾಗದಲ್ಲಿ 5 ಮಿ.ಮೀ. ತೋರಿಸಿದ ಯಂತ್ರ ತಳದಲ್ಲಿ ಒಂದು ಕಡೆ 1.8 ತೋರಿಸಿತು. ಹೈಡ್ರೋ ಟೆಸ್ಟ್ ಮಾಡುವ ಅಗತ್ಯವೇ ಇಲ್ಲ, ಇದನ್ನು ಬಿಡಿ ಎಂದು ಅವರೇ ಹೇಳಿದರು. ಹೊಸ ಟ್ಯಾಂಕಿಗೆ ಮುಂಗಡ ಕೊಟ್ಟಿದ್ದೇನೆ. ಗೂಡಿನ ಆಲೋಚನೆ ಬಿಟ್ಟು ಹಿಂಬದಿಗೆ ಮಾಡು ಇಳಿಸುತ್ತಿದ್ದೇವೆ.

ಎರಡು ಪ್ರಶ್ನೆ ಉಳಿದಿವೆ. ಹಳೆಯ ಟ್ಯಾಂಕನ್ನು ನೀರಿನ ತೊಟ್ಟಿಯಾಗಿ ಬಳಸಬಹುದೇ? ಸ್ಪ್ರೇ ಪೇಂಟಿಂಗಿಗೆ ಇದೇ ಜಾಗ ಆದೀತೇ?

ಉತ್ತರ – ಬೈಕಂಪಾಡಿಯ ಹಳೆಯ ಫಿಟ್ಟರ್

1.8! ನಿಮ್ಮ ಬರಹ ಓದಿ ದೊಡ್ಡ ಭಾರ ಇಳಿಯಿತು. ಮುಂಗಡ ಕೊಟ್ಟು ಬಂದದ್ದು ಬಹಳ ಒಳ್ಳೆಯ ಕೆಲಸ.

ಹಳೆಯ ಟ್ಯಾಂಕನ್ನು ಇಡೀ ರೂಪದಲ್ಲಿ ಯಾರಿಗೂ ಮಾರಬೇಡಿ, ಕೊಡಲೂ ಬೇಡಿ. ಇನ್ನೊಬ್ಬರು ಮತ್ತೆ ಬಣ್ಣ ಹೊಡೆಸಿ ಇನ್ನೊಂದು ಅಂಗಡಿಗೆ ದಾಟಿಸುತ್ತಾರೆ. ನಿಮ್ಮ ಕಣ್ಣೆದುರೇ ಎರಡು ಹೋಳು ಮಾಡಿಸಿ. ಗ್ಯಾಸ್ ಕಟ್ಟರ್ ಇಡುವ ಮೊದಲು ಎಲ್ಲ ವಾಲ್ವ್ ಕಳಚಿ, ಒಳಗಿನ ಎಣ್ಣೆ ಜಿಡ್ಡನ್ನು ಸೋಪಿನ ನೀರಿನಲ್ಲಿ ತೊಳೆದು, ಬಾಯಿಗಳನ್ನೆಲ್ಲ ತೆರೆದಿಟ್ಟಿರಬೇಕು. ಹೋಳಾದ ಮೇಲೆ ನೀರಿನ ತೊಟ್ಟಿಯಾದರೂ ಆಗಲಿ, ಗಿಡ ನೆಡುವುದಕ್ಕಾದರೂ ಆಗಲಿ.

ಸ್ಪ್ರೇ ಪೇಂಟಿಂಗ್ ಕಂಪ್ರೆಸರ್ ಪಕ್ಕದಲ್ಲಿ ಬೇಡ. ಥಿನ್ನರಿನ ಆವಿ ನೆಲದ ಮೇಲೆ ಹರಿದು ಬರುತ್ತದೆ, ಪ್ರೆಷರ್ ಸ್ವಿಚ್ ಮತ್ತು ಸ್ಟಾರ್ಟರ್ ಪ್ರತಿ ಸಲವೂ ಒಂದು ಕಿಡಿ ಹಾರಿಸುತ್ತವೆ. ಪೇಂಟಿಂಗ್ ಜಾಗ ಬೇರೆ, ಗಾಳಿಯಾಡುವಂಥದ್ದು ಇರಲಿ, ಹೋಸ್ ಮಾತ್ರ ಅಲ್ಲಿಗೆ ಬರಲಿ. ಗನ್ನಿನ ಮೊದಲು ನೀರು, ಎಣ್ಣೆ ಹಿಡಿಯುವ ಫಿಲ್ಟರ್ ಹಾಕದಿದ್ದರೆ ಬಣ್ಣದ ಮೇಲೆ ಮೀನಿನ ಕಣ್ಣಿನಂಥ ಚುಕ್ಕೆ ಏಳುತ್ತದೆ. ಈ ಯಂತ್ರದ ಗಾಳಿಯನ್ನು ಮುಖವಾಡಕ್ಕೆ ಕೊಟ್ಟು ಉಸಿರಾಡುವ ಸಾಹಸವನ್ನು ಯಾರೂ ಮಾಡಕೂಡದು.

ನೀವು ಕೇಳದಿದ್ದರೂ ಒಂದು ಮಾತು ಹೇಳುತ್ತೇನೆ. ಗ್ಯಾರೇಜಿಗೆ ಹುಡುಗರು ಕೆಲಸಕ್ಕೆ ಬರುತ್ತಾರೆ. ಸಂಜೆ ಬಟ್ಟೆಯ ಧೂಳನ್ನು ಏರ್ ಗನ್ನಿನಿಂದ ಊದಿಕೊಳ್ಳುತ್ತಾರೆ, ಒಬ್ಬರ ಮೈಗೆ ಒಬ್ಬರು ಹಿಡಿದು ಆಟವಾಡುತ್ತಾರೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೈಕ್ ಸರ್ವಿಸ್ ಕೇಂದ್ರವೊಂದರಲ್ಲಿ ಗೆಳೆಯನ ಇಂಥದೇ ಆಟದಿಂದ ಕರುಳಿಗೆ ಗಾಳಿ ನುಗ್ಗಿ ಯುವಕನೊಬ್ಬ ತೀರಿಹೋದ. ಚರ್ಮದ ಗಾಯದೊಳಗೆ, ಕಿವಿಯೊಳಗೆ, ಕಣ್ಣಿಗೆ ಗಾಳಿ ಹೊಕ್ಕರೂ ಅಪಾಯವೇ. ಊದುವ ಗನ್ನಿಗೆ ಪ್ರತ್ಯೇಕ ರೆಗ್ಯುಲೇಟರ್ ಹಾಕಿ 30 ಪಿಎಸ್‌ಐಗೆ ಇಳಿಸಿ, ಫಿಲ್ಟರ್ ಊದಲು ಅಷ್ಟು ಸಾಕು. ಮೊದಲ ದಿನವೇ ಹುಡುಗರನ್ನು ಕೂರಿಸಿ ಇದನ್ನು ಹೇಳಿ, ಹೇಳಿದ ಮೇಲೂ ಆಡಿದವನನ್ನು ಆವತ್ತೇ ಮನೆಗೆ ಕಳಿಸಿ.

ಹೊಸ ಟ್ಯಾಂಕ್ ಬಂದಾಗ ಅದರ ಜೊತೆ ಪರೀಕ್ಷೆಯ ಪ್ರಮಾಣಪತ್ರ ಕೇಳಿ ಪಡೆಯಿರಿ, ಅದರಲ್ಲಿರುವ ಕ್ರಮಸಂಖ್ಯೆಯೂ ಪ್ಲೇಟಿನ ಸಂಖ್ಯೆಯೂ ಒಂದೇ ಆಗಿರಬೇಕು. ಡ್ರೈನಿನ ಪೈಪು, ಬಾಲ್ ವಾಲ್ವನ್ನು ಗಾಳಿ ತುಂಬುವ ಮೊದಲೇ ಹಾಕಿಸಿಬಿಡಿ. ಕೂರಿಸಿದ ಮೇಲೆ ಬೆಲ್ಟಿನ ಕಡೆಯದೊಂದು, ಡ್ರೈನಿನದೊಂದು ಫೋಟೊ ಇಲ್ಲಿ ಹಾಕಿ, ನಾನು ನೋಡುತ್ತೇನೆ.